45ರಾಗ ಮೊಡವಿಗೆ ಐಸೋಟ್ರೆಟಿನಾಯಿನ್ ಬರ್ದು ಕೊಟ್ಟಾರ, ತಗೊಳ್ಳೋದಾ ಬ್ಯಾಡಾ?

ಗಂಗಾವತಿ_ಟೀಚರ್

ಎಲ್ಲಾರಿಗೂ ನಮಸ್ಕಾರ್ರಿ. ನಂಗ ಈಗ 45, ಗಂಗಾವತಿ ಹತ್ರ ಹೈಸ್ಕೂಲ್‌ನಾಗ ಟೀಚರ್ ಅದೀನಿ. ಕಾಲೇಜಿಗೆ ಹೋಗೋ ವಯಸ್ಸಿನಾಗ ಮುಖದ ಮ್ಯಾಲೆ ಒಂದು ಗುಳ್ಳಿ ಎದ್ದಿದ್ದಿಲ್ಲ, ಈಗ ಮೂರು ನಾಕು ವರ್ಷದಿಂದ ಗದ್ದ, ದವಡಿ, ಕೆಳಗ ಕುತ್ತಿಗಿ ತನಕ ಮೊಡವಿ ಬರಾಕತ್ತಾವ. ಸಣ್ಣ ಸಣ್ಣವಲ್ರಿ, ಚರ್ಮದ ಒಳಗ ಗಂಟು ಕಟ್ಟಿದಂಗ ಗಟ್ಟಿ, ಮುಟ್ಟಿದ್ರ ಜೀವ ಹೋಗ್ತದ, ಹಣ್ಣಾಗಂಗಿಲ್ಲ ಒಡಿಯಂಗಿಲ್ಲ, ಹೋಗುವಾಗ ಕರಿ ಕಲಿ ಬಿಟ್ಟು ಹೋಗ್ತಾವ, ಆ ಕಲಿ ಮಾಸೋದ್ರಾಗ ಅದರ ಬಾಜೂಕ ಇನ್ನೊಂದು. ಮುಟ್ಟಿನ ದಿನ ಹತ್ರ ಬಂದ್ರ ಜಾಸ್ತಿ ಅಂತ ಮೊದ್ಲು ಗೊತ್ತಾಗ್ತಿತ್ತು, ಈಗ ಮುಟ್ಟಿಂದೇ ಲೆಕ್ಕ ತಪ್ಪೈತಿ, ಒಂದು ತಿಂಗಳು ಬಂದ್ರ ಎರಡು ತಿಂಗಳು ಪತ್ತೆ ಇಲ್ಲ.

ಹಚ್ಚೋದೆಲ್ಲಾ ಹಚ್ಚಿ ಆತು. ಅಡಾಪಲೀನ್ ಹಚ್ಚಿದೆ, ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚಿದೆ (ಅದು ಮೊಡವಿಗಿಂತ ಮೊದ್ಲು ನನ್ನ ದಿಂಬಿನ ಕವರಿನ ಬಣ್ಣ ತಗೀತು), ಡಾಕ್ಸಿಸೈಕ್ಲಿನ್ ಗುಳಿಗಿ ನುಂಗಿದೆ, ನುಂಗೋಷ್ಟು ದಿನ ಕಡಿಮಿ ಇರ್ತಿತ್ತು, ಬಿಟ್ಟ ಮ್ಯಾಲೆ ಮತ್ತ ಅದೇ ಹಾಡು. ಹೋದ ವಾರ ಬಳ್ಳಾರಿಗೆ ಹೋಗಿ ಸ್ಕಿನ್ ಡಾಕ್ಟ್ರಿಗೆ ತೋರ್ಸಿದೆ. ಅವ್ರು ನೋಡಿದ ಕೂಡ್ಲೆ ಐಸೋಟ್ರೆಟಿನಾಯಿನ್ 20 ಎಂಜಿ ಬರ್ದ್ರು, ದಿನಾ ರಾತ್ರಿ ಊಟ ಆದಮ್ಯಾಲೆ ಒಂದು, ಆರು ತಿಂಗಳಿಗಿಂತ ಜಾಸ್ತಿ ಬೇಕಾಗಬಹುದು ಅಂದ್ರು. ಮಕ್ಕಳಾಗೋ ಪ್ರಶ್ನಿ ಐತೇನಮ್ಮಾ ಅಂತ ಕೇಳಿದ್ರು, ಇಲ್ರಿ, ಎರಡನೇದರ ಹೆರಿಗಿ ಆದಾಗ್ಲೇ ಆಪರೇಷನ್ ಮಾಡ್ಸೀನಿ ಅಂದೆ, ರಕ್ತ ಪರೀಕ್ಷೆ ಬರ್ದ್ರು, ಆತು. ಹೊರಗ ಬೆಂಚ್ ತುಂಬ ಮಂದಿ, ನಾ ಕೇಳಬೇಕು ಅಂದ್ಕೊಂಡು ಹೋಗಿದ್ದೆಲ್ಲಾ ಬಾಯಾಗೇ ಉಳೀತು.

ಗುಳಿಗಿ ತಂದು ಅಲ್ಮಾರಿಯಾಗ ಇಟ್ಟೀನಿ, ಪಟ್ಟಿ ಇನ್ನೂ ಒಡದಿಲ್ಲ. ಯಾಕಂದ್ರ ಮನಿಗೆ ಬಂದು ಫೋನಿನ್ಯಾಗ ಓದಿದೆ ನೋಡ್ರಿ, ಲಿವರ್, ಕೊಲೆಸ್ಟ್ರಾಲ್, ಕೀಲು ನೋವು, ಕಣ್ಣು ಒಣಗೋದು, ಕೂದಲು ಉದುರೋದು, ಮನಸ್ಸು ಮಂಕಾಗೋದು. ಇದ್ರಾಗ ಅರ್ಧ ಗುಳಿಗಿ ಇಲ್ದೇನೂ ನಂಗ ಈಗಾಗ್ಲೇ ಐತಿ! ನಮ್ಮ ಮನಿಯವ್ರು "ಈ ವಯಸ್ಸಿನಾಗ ನಿನ್ನ ಮುಖ ಯಾರು ನೋಡ್ತಾರ ಬಿಡು" ಅಂತಾರ. ನೋಡ್ತಾರ್ರಿ, ಒಂದು ಕ್ಲಾಸಿನ್ಯಾಗ ಅರವತ್ತು ಹುಡುಗರು ನೋಡ್ತಾರ, ಮೊನ್ನೆ ಎಂಟನೇತ್ತೆ ಹುಡುಗಿ ಒಬ್ಬಾಕಿ "ಮಿಸ್, ನಮ್ಮ ಅಕ್ಕನೂ ಹಿಂಗೇ ಮುಖ ತೊಳಿಯಂಗಿಲ್ಲ" ಅಂದ್ಲು.

ರಿಪೋರ್ಟ್ ಹೇಳ್ತೀನಿ: ಲಿವರ್ದು ನಾರ್ಮಲ್, ಟ್ರೈಗ್ಲಿಸರೈಡ್ (ರಕ್ತದಾಗಿನ ಕೊಬ್ಬು) 214. ತೂಕ 62. ಬಿಪಿ ಶುಗರ್ ಇಲ್ಲ, ಥೈರಾಯ್ಡ್ ಗುಳಿಗಿ 50 ಎಂಸಿಜಿ ದಿನಾ ಬೆಳಿಗ್ಗೆ ಐತಿ. 40 ದಾಟಿದ ಮ್ಯಾಲೆ ಇದನ್ನ ತಗೊಂಡಾರು ಯಾರರ ಅದೀರೇನು? ಇಪ್ಪತ್ತರ ಹುಡುಗರದು ಎಲ್ಲಾ ಕಡೆ ಸಿಗ್ತದ, ನಮ್ಮ ವಯಸ್ಸಿನವ್ರದು ಎಲ್ಲೂ ಸಿಗವಲ್ದು.

ತೋರಣಗಲ್ಲು_ಸಿ_ಶಿಫ್ಟ್

ಅಕ್ಕಾ ನಾನು ತಗೊಂಡೀನಿ, 47ರಲ್ಲಿ ಶುರು ಮಾಡಿದ್ದು, ಈಗ 49. ನಂದು ಬೆನ್ನು ಪೂರ್ತಿ, ಭುಜ, ಎದೆ. ಬನೀನು ಬಿಚ್ಚಬೇಕಾದ್ರೆ ಅಂಟ್ಕೊಂಡು ಬರೋದು, ಮಲಗಿದ್ರೆ ಅಂಗಾತ ಮಲಗೋ ಹಾಗಿಲ್ಲ. ನಾನು ಮೆಷಿನ್ ಶಾಪ್‌ನಾಗೆ ಇರೋನು, ಡಾಕ್ಟ್ರು ಮೊದ್ಲು ಕೇಳಿದ್ದೇ ಕಟಿಂಗ್ ಆಯಿಲ್ ಮೈ ಮೇಲೆ ಬೀಳುತ್ತಾ, ಎಣ್ಣೆ ಹತ್ತಿದ ಬಟ್ಟೇನೇ ಮಾರನೇ ದಿನಾನೂ ಹಾಕ್ತೀಯಾ ಅಂತ. ಎಣ್ಣೆ ಕೂದಲಿನ ಬುಡದಾಗೆ ಕೂತ್ರೆ ಮೊಡವೆ ಥರಾನೇ ಗುಳ್ಳೆ ಏಳ್ತವಂತೆ, ಅದಕ್ಕೆ ಎಷ್ಟು ಗುಳಿಗೆ ನುಂಗಿದ್ರೂ ದಂಡ. ಏಪ್ರನ್ ಬದಲಾಯಿಸಿ, ಶಿಫ್ಟ್ ಮುಗಿದ ಕೂಡ್ಲೆ ಅಲ್ಲೇ ಸ್ನಾನ ಮಾಡಿ ನೋಡು ಅಂದ್ರು, ತೋಳಿಂದು ಹೋಯ್ತು, ಬೆನ್ನಿಂದು ಹೋಗ್ಲಿಲ್ಲ, ಆಮೇಲೆ ಈ ಗುಳಿಗೆ ಕೊಟ್ರು.

ಹೆಂಗಿರುತ್ತೆ ಅಂದ್ರೆ, ಮೊದಲನೇ ತಿಂಗಳು ನಿಮಗೆ ಡಾಕ್ಟ್ರ ಮೇಲೆ ಸಿಟ್ಟು ಬರುತ್ತೆ. ಒಳಗಿರೋವೆಲ್ಲಾ ಒಮ್ಮೆಗೇ ಮೇಲಕ್ಕೆ ಬಂದ ಹಾಗೆ ಜಾಸ್ತಿ ಆಯ್ತು. ಆಮೇಲೆ ತುಟಿ. ತುಟಿ ಒಣಗೋದು ಅಂದ್ರೆ ಚಳಿಗಾಲದಾಗೆ ಒಣಗ್ತದಲ್ಲ ಆ ಥರ ಅಲ್ಲ, ಬಾಯಿಯ ಎರಡೂ ಮೂಲೆ ಸೀಳಿ, ಸಂಜೆ ಗಾಡಿ ಹತ್ರ ನಿಂತು ಮಿರ್ಚಿ ಕಚ್ಚಿದ್ರೆ ಖಾರ ನೇರ ತಲೆಗೆ ಹೋಗೋದು. ನಾಲ್ಕು ತಿಂಗಳು ಮಿರ್ಚಿ ಮಂಡಕ್ಕಿ ಬಿಟ್ಟ ಬಳ್ಳಾರಿ ಮನುಷ್ಯ ನಾನೊಬ್ನೇ ಇರಬೇಕು. ವ್ಯಾಸಲೀನ್ ಡಬ್ಬಿ ಒಂದು ಜೇಬಿನಾಗೆ, ಒಂದು ಲಾಕರ್‌ನಾಗೆ, ಒಂದು ದಿಂಬಿನ ಕೆಳಗೆ. ತುಟಿಗೆ ನಾಲಿಗೆ ಸವರಬೇಡಿ, ಇನ್ನೂ ಒಣಗುತ್ತೆ. ಬಿಸಿಲು ಜಾಸ್ತಿ ಆದಾಗ ಮೂಗಿನಿಂದ ರಕ್ತ ಬಂತು, ಹೆದರಿದ್ದೆ, ಮೂಗಿನ ಒಳಗೂ ಬೆರಳ ತುದೀಲಿ ಸ್ವಲ್ಪ ವ್ಯಾಸಲೀನ್ ಹಚ್ಚು ಅಂದ್ರು, ನಿಂತೋಯ್ತು.

ವಯಸ್ಸಿಂದು ಕೇಳಿದ್ರಲ್ಲ, ನಂಗೆ ಅನ್ಸಿದ್ದು ಎರಡು ಕಡೆ. ಕಣ್ಣು ಮತ್ತು ಸೊಂಟ. ಕಣ್ಣಾಗೆ ಮಣ್ಣು ಬಿದ್ದಂಗೆ ಉರಿ, ಡ್ರಾಪ್ಸ್ ಹಾಕ್ಕೊಂಡೇ ಇರಬೇಕಾಯ್ತು. ರಾತ್ರಿ ಶಿಫ್ಟ್ ಮುಗಿಸಿ ಬೈಕ್‌ನಾಗೆ ಬಳ್ಳಾರಿಗೆ ಬರುವಾಗ ಎದುರಿಗೆ ಅದಿರಿನ ಲಾರಿ ಲೈಟ್ ಬಿಟ್ರೆ ಒಂದ್ ಕ್ಷಣ ಏನೂ ಕಾಣ್ತಿರ್ಲಿಲ್ಲ, ಇದ್ರಿಂದ ರಾತ್ರಿ ದೃಷ್ಟಿ ಕಡಿಮೆ ಆಗೋದು ಇದೆಯಂತೆ, ಡಾಕ್ಟ್ರಿಗೆ ಹೇಳಿದ ಕೂಡ್ಲೆ ಬೈಕ್ ಬಿಟ್ಟು ಕಂಪನಿ ಬಸ್ ಹತ್ತು ಅಂದ್ರು. ಸೊಂಟ ಮೊದ್ಲೇ ಹಿಡೀತಿತ್ತು, ಇದ್ರಾಗೆ ಇನ್ನೂ ಹಿಡೀತು. ಟ್ರೈಗ್ಲಿಸರೈಡ್ ನಂದು 170 ಇದ್ದಿದ್ದು ಒಂದೂವರೆ ತಿಂಗಳಿಗೆ 260 ಆಯ್ತು, ದಿನ ಬಿಟ್ಟು ದಿನ ಮಾಡಿದ್ರು, ಎಣ್ಣೆ ಎರಡೂ ಥರದ್ದು ಬಿಡು ಅಂದ್ರು (ಕುಡಿಯೋದು, ಕರಿಯೋದು). ಇಳೀತು.

ಬೆನ್ನು ಈಗ ಸ್ವಚ್ಛ ಐತೆ. ಕಲೆ ಅವೆ, ಆದ್ರೆ ನೋವಿಲ್ಲ, ಅಂಗಾತ ಮಲಗ್ತೀನಿ. ನಂಗೆ ಮತ್ತೆ ಅಂಥ ಪರಿಸ್ಥಿತಿ ಬಂದ್ರೆ ಮತ್ತೆ ತಗೊಳ್ತೀನಿ.

ಹಳೇ_ಕಾಲದವ

ತಂಗೀ, ಇದೆಲ್ಲಾ ಉಷ್ಣ. ನಮ್ಮ ಕಡಿ ಬಿಸಲು, ಮ್ಯಾಲೆ ಶೇಂಗಾ ಚಟ್ನಿ, ಮ್ಯಾಲೆ ಚಹಾ. ಬೇವಿನ ಎಲಿ ಅರದು ಹಚ್ಚು, ರಾತ್ರಿ ಮೆಂತ್ಯ ನೆನಿಸಿಟ್ಟು ಬೆಳಿಗ್ಗೆ ಆ ನೀರು ಕುಡಿ, ಮಜ್ಜಿಗಿ ಜಾಸ್ತಿ ಮಾಡು. 45 ಆದಮ್ಯಾಲೆ ಮುಟ್ಟು ನಿಲ್ಲೋ ಕಾಲಕ್ಕ ಹಿಂಗ ಆಗ್ತದ, ತಾನಾಗೇ ಹೋಗ್ತದ. ಇಂಥ ವಿಷದ ಗುಳಿಗಿ ಯಾಕ ನುಂಗ್ತಿ.

ರಾಯಚೂರು_ಮೆಡಿಕಲ್

ಹಿರಿಯರೇ, ಮಜ್ಜಿಗಿ ಕುಡೀಲಿ, ಯಾರೂ ಬ್ಯಾಡ ಅನ್ನಲ್ಲ. ಆದ್ರ "ತಾನಾಗೇ ಹೋಗ್ತದ" ಅನ್ನೋದ್ರಾಗ ಮುಖ ಪೂರ್ತಿ ತೂತು ಬಿದ್ದಿರ್ತದ, ಗಂಟಿನ ಮೊಡವಿ ಕುಣಿ ಬಿಟ್ಟು ಹೋದ್ರ ಅದನ್ನ ತುಂಬ್ಸೋ ಖರ್ಚು ಈ ಗುಳಿಗಿಗಿಂತ ಭಾಳ ಜಾಸ್ತಿ ಅದ.

ಟೀಚರ್, ನಂದು ರಾಯಚೂರಿನಾಗ ಮೆಡಿಕಲ್ ಶಾಪ್ ಅದ, ಈ ಗುಳಿಗಿ ಕೊಟ್ಟು ಕೊಟ್ಟು ವರ್ಷಗಳಾದ್ವು. ವಿಷ ಅಲ್ಲ, ಹೊಸ ಪ್ರಯೋಗಾನೂ ಅಲ್ಲ, ವಿಟಮಿನ್ ಎ ಜಾತಿದು, ಅಮೆರಿಕದಾಗ 1982ರಾಗೇ ಒಪ್ಪಿಗಿ ಸಿಕ್ಕದ. ಚರ್ಮದ ಎಣ್ಣಿ ಗ್ರಂಥಿನೇ ಸಣ್ಣದು ಮಾಡ್ತದ, ಅದಕ್ಕ ಬ್ಯಾರೆ ಔಷಧ ಸೋತಲ್ಲಿ ಇದು ಗೆಲ್ತದ, ಅದಕ್ಕೇ ಮೈಯಾಗ ಎಲ್ಲೆಲ್ಲಿ ಪಸಿ ಇರಬೇಕೋ ಅಲ್ಲೆಲ್ಲಾ ಒಣಗಿಸ್ತದ. ನಿಮ್ಮ ವಯಸ್ಸಿನಾಗ ಮುಟ್ಟು ಹಿಂದ ಮುಂದ ಆಗಾಕ ಹತ್ತಿದ್ರ ಕಣ್ಣು ಬಾಯಿ ಚರ್ಮ ಮೊದ್ಲೇ ಒಣಗಾಕ ಶುರು ಆಗಿರ್ತದ, ಅದರ ಮ್ಯಾಲೆ ಇದು ಸೇರ್ತದ, ವ್ಯತ್ಯಾಸ ಅಷ್ಟೇ. ಗುಳಿಗಿಗೆ ನಿಮ್ಮ ವಯಸ್ಸು ಗೊತ್ತಾಗಲ್ಲ, ನಿಮ್ಮ ಮೈಯಾಗ ಇನ್ನೂ ಏನೇನು ನಡದದ ಅನ್ನೋದು ಗೊತ್ತಾಗ್ತದ. ಅದಕ್ಕ ಕೆಲವು ಕೇಳ್ತೀನಿ.

ಆ 214 ಅನ್ನೋದು ಖಾಲಿ ಹೊಟ್ಟೀಲಿ ಕೊಟ್ಟ ರಕ್ತದ್ದೋ, ತಿಂದು ಕೊಟ್ಟಿದ್ದೋ? ಊಟ ಆದಮ್ಯಾಲೆ ಟ್ರೈಗ್ಲಿಸರೈಡ್ ಏರೇ ಏರ್ತದ. 150ರ ಒಳಗ ನಾರ್ಮಲ್, 200 ದಾಟಿದ್ರ ಜಾಸ್ತಿ ಅಂತ ಲೆಕ್ಕ, ಈ ಗುಳಿಗಿ ಅದನ್ನ ಇನ್ನೂ ಮ್ಯಾಲ ಒಯ್ತದ, 500 ದಾಟಿ ಹೋದ್ರ ಮೇದೋಜೀರಕ ಗ್ರಂಥಿ ಊದಿಕೊಳ್ಳೋ ಭಯ ಅದ. ಅದಕ್ಕ ಶುರು ಮಾಡೋ ಮೊದ್ಲಿನ ಅಂಕಿ ಖರೇ ಅಂಕಿ ಇರಬೇಕು, ಇಲ್ಲಂದ್ರ ಮುಂದಿನ ಸಲ ಯಾವುದಕ್ಕ ಹೋಲಿಸಿ ನೋಡ್ತಾರ?

ಮನ್ಯಾಗ ಉಳಿದ ಡಾಕ್ಸಿಸೈಕ್ಲಿನ್ ಇದ್ರ ಎತ್ತಿ ಹೊರಗ ಒಗೀರಿ. ಎರಡೂ ಕೂಡಿ ತಗೊಳ್ಳೋ ಹಂಗಿಲ್ಲ, ತಲಿಬುರುಡಿ ಒಳಗಿನ ಒತ್ತಡ ಏರಿ ತಲಿನೋವು, ಕಣ್ಣು ಮಂಜು ಬರ್ತದ. ಹಂಗೇ ಕಣ್ಣಿಗೆ ಚಲೋ ಅಂತ ಮೀನಿನ ಲಿವರ್ ಎಣ್ಣಿ (ಕಾಡ್ ಲಿವರ್) ಗುಳಿಗಿ, ವಿಟಮಿನ್ ಎ ಇರೋ ಟಾನಿಕ್ ಏನರ ತಗೊಳ್ತಿದ್ರ ಅದೂ ಬಂದ್. ರಕ್ತದಾನ ಮಾಡೋ ಅಭ್ಯಾಸ ಇದ್ರ ಗುಳಿಗಿ ನಡದಷ್ಟು ದಿನ, ಬಿಟ್ಟ ಮ್ಯಾಲೂ ಒಂದು ತಿಂಗಳು ಕೊಡಬಾರ್ದು, ಆ ರಕ್ತ ಯಾವ ಬಸುರಿಗೆ ಹೋಗ್ತದೋ ಯಾರಿಗೆ ಗೊತ್ತು.

ಇನ್ನೊಂದು, ಇದನ್ನ ಸಿಟ್ಟು ಮಾಡಿ ಹೇಳ್ತೀನಿ ಅಂದ್ಕೊಳ್ರಿ. ಮನ್ಯಾಗ ಕಾಲೇಜಿಗೆ ಹೋಗೋ ಮಗಳು ಅದಾಳೇನು? ಅಕಿಗೂ ಮೊಡವಿ ಇರ್ತಾವ. ಅಮ್ಮನ ಪಟ್ಟಿಯಾಗಿಂದು ಒಂದು ತಗೊಂಡ್ರ ಏನಾಗ್ತದ ಅಂತ ತಗೊಂಡ ಹುಡುಗಿಯರನ್ನ ನಾ ನೋಡೀನಿ. ಹೊಟ್ಟ್ಯಾಗ ಮಗು ಇದ್ದಾಗ ಈ ಗುಳಿಗಿ ಒಳಗ ಹೋದ್ರ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಎಲ್ಲಾ ಕೆಡ್ತದ. ಮೊನ್ನೆ ಮದುವಿ ಆದ ಸೊಸಿ ಇದ್ರೂ ಅಷ್ಟೇ. ಅಲ್ಮಾರಿಗೆ ಕೀಲಿ ಹಾಕ್ರಿ. ನಿಮಗ ಆಪರೇಷನ್ ಆಗ್ಯದ ಅಂದ್ರೂ ಮುಟ್ಟು ನಿಂತಿಲ್ಲಲ್ಲ, ತಿಂಗಳು ತಪ್ಪಿದಾಗ "ಇದು ವಯಸ್ಸಿಂದೇ" ಅಂತ ಸುಮ್ಮನ ಕೂಡಬ್ಯಾಡ್ರಿ, ಒಂದು ಬಸುರಿನ ಟೆಸ್ಟ್ ಮಾಡ್ಕೊಳ್ರಿ.

ಕೊನೀದು. ಚೀಟಿ ಮ್ಯಾಲಿಲ್ಲದ ಔಷಧ ಏನೇನು ನಡದದ? ಕ್ರೀಮು, ಇಂಜೆಕ್ಷನ್ನು, ಜಿಮ್ ಪುಡಿ, ಎಲ್ಲಾ.

ಗಂಗಾವತಿ_ಟೀಚರ್

ಅಕ್ಕಾರ, ಡಾಕ್ಟ್ರು ಇಷ್ಟು ಕೇಳಿದ್ದಿಲ್ರಿ. ಮಗಳು ಅದಾಳ, ಹುಬ್ಬಳ್ಳಿಯಾಗ ಓದ್ತಾಳ, ರಜಾಕ್ಕ ಬರ್ತಾಳ. ಕೀಲಿ ಹಾಕಿ ಬಂದೆ ಈಗ.

ರಕ್ತ ಕೊಟ್ಟಿದ್ದು ಹನ್ನೊಂದು ಗಂಟೆ ಮ್ಯಾಲೆ, ಬಸ್ ಇಳದು ಉಪ್ಪಿಟ್ಟು ಚಹಾ ಮುಗಿಸಿ ಹೋಗಿದ್ದೆ. ಲ್ಯಾಬಿನ ಹುಡುಗ ತಿಂದೀರೇನು ಅಂತ ಒಂದು ಮಾತು ಕೇಳಲಿಲ್ಲ, ತೋಳು ಚಾಚ್ರಿ ಅಂದ, ತಗೊಂಡ.

ಕ್ರೀಮ್ ಬ್ಯಾರೆ ಏನೂ ಹಚ್ಚಂಗಿಲ್ಲ. ಆದ್ರ ಇಂಜೆಕ್ಷನ್ ಅಂದ್ರಲ್ಲ, ಕಾಲು ಜುಮ್ ಅಂತಾವ ಅಂತ ಇಲ್ಲೇ ನಮ್ಮ ಡಾಕ್ಟ್ರು ಬಿ12 ಇಂಜೆಕ್ಷನ್ ಕೊಡ್ತಾರ, ಹೋದ ವರ್ಷದಿಂದ ನಡದೈತಿ. ಅದಕ್ಕೂ ಇದಕ್ಕೂ ಏನರ ಸಂಬಂಧ ಐತೇನು?

ರಾಯಚೂರು_ಮೆಡಿಕಲ್

ಅದ. ಬಿ12 ಇಂಜೆಕ್ಷನ್ ತಗೊಂಡವ್ರಾಗ ಕೆಲವ್ರಿಗೆ ಮೊಡವಿಯಂಥ ಗುಳ್ಳಿ ಏಳ್ತಾವ, ಹೆಣ್ಮಕ್ಕಳಾಗ ಜಾಸ್ತಿ. ನಿಮ್ಮವು ಇಂಜೆಕ್ಷನ್‌ಗಿಂತ ಮೊದ್ಲೇ ಶುರು ಆದವು, ಹಂಗಾಗಿ ಎಲ್ಲಾ ಅದರ ಮ್ಯಾಲೇ ಹಾಕಾಕ ಬರಲ್ಲ. ಆದ್ರ ಹೋದ ವರ್ಷದಿಂದ ಹೆಚ್ಚಾದ್ವಾ ಅಂತ ನೀವೇ ನೆನಪು ಮಾಡ್ಕೊಳ್ರಿ. ಬಿ12 ಖರೇ ಕಮ್ಮಿ ಇದ್ರ ನಿಮ್ಮಷ್ಟಕ್ಕ ನೀವು ನಿಲ್ಲಿಸಬ್ಯಾಡ್ರಿ, ನರದ ವಿಷಯ ಅದು. ಲೆವೆಲ್ ನೋಡ್ಸ್ರಿ, ಇನ್ನೂ ಇಂಜೆಕ್ಷನ್ನೇ ಬೇಕೋ ಅಂತ ಅವ್ರನ್ನ ಕೇಳ್ರಿ, ಸ್ಕಿನ್ ಡಾಕ್ಟ್ರಿಗೂ ಹೇಳ್ರಿ.

ಕೌಲ್‌ಬಜಾರ್_ಅಕ್ಕ

ನಾನು 46, ಬಳ್ಳಾರಿ. ನಿಮ್ಮ ವರ್ಣನೆ ಓದಿ ನನ್ನ ಮುಖಾನೇ ನೆನಪಾಯ್ತು, ಅದೇ ಗದ್ದ, ಅದೇ ದವಡೆ, ಅದೇ ಗಂಟು. ನಂಗೆ ಐಸೋಟ್ರೆಟಿನಾಯಿನ್ ಕೊಡ್ಲಿಲ್ಲ, ಸ್ಪೈರೊನೊಲ್ಯಾಕ್ಟೋನ್ ಕೊಟ್ರು. ಅದು ಮೂಲತಃ ಬಿಪಿ, ಹಾರ್ಟ್‌ನವರಿಗೆ ಕೊಡೋ ನೀರಿನ ಮಾತ್ರೆ, ಆದ್ರೆ ಗಂಡು ಹಾರ್ಮೋನ್ ಚರ್ಮದ ಮೇಲೆ ಮಾಡೋ ಕೆಲಸಾನ ತಡೆಯುತ್ತೆ. ನಮ್ಮ ವಯಸ್ಸಲ್ಲಿ ಹೆಣ್ಣು ಹಾರ್ಮೋನ್ ಇಳಿಯೋಕೆ ಶುರು ಆದಾಗ ಮೈಯಲ್ಲಿರೋ ಅಷ್ಟಿಷ್ಟು ಗಂಡು ಹಾರ್ಮೋನ್‌ದೇ ದರ್ಬಾರು, ಅದಕ್ಕೇ ಗಡ್ಡ ಬರೋ ಜಾಗದಲ್ಲೇ ಮೊಡವೆ, ನಾಲ್ಕು ಕೂದಲೂ ಜೊತೆಗೆ. (ಮೊಡವೆಗೆ ಅಂತ ಗಂಡಸರು ಇದನ್ನ ತಗೊಳ್ಳೋ ಹಾಗಿಲ್ಲ, ಎದೆ ಬೆಳೆಯಬಹುದು. ತೋರಣಗಲ್ಲು ಅಣ್ಣ, ನೀವು ಬಚಾವ್.)

2023ರಲ್ಲಿ ಬ್ರಿಟನ್‌ನಲ್ಲಿ 410 ಹೆಣ್ಮಕ್ಕಳ ಮೇಲೆ ಇದರ ದೊಡ್ಡ ಪರೀಕ್ಷೆ ಮಾಡಿದ ಫಲಿತಾಂಶ ಬಂತು, 50 ಎಂಜಿ ಶುರು ಮಾಡಿ 100ಕ್ಕೆ ಏರಿಸಿದ್ರು, ಮೂರು ತಿಂಗಳಿಗೆ ಅಷ್ಟಕ್ಕಷ್ಟೇ, ಆರು ತಿಂಗಳಿಗೆ ವ್ಯತ್ಯಾಸ ಚೆನ್ನಾಗಿ ಕಾಣಿಸ್ತು. ನನ್ನ ವಿಷಯದಲ್ಲೂ ಹಂಗೇ, ಮೊದಲು ಮೊದಲು ಸುಮ್ಮನೆ ದುಡ್ಡು ದಂಡ ಅನ್ನಿಸ್ತಿತ್ತು. ತೊಂದರೆ ಅಂದ್ರೆ ಬಾತ್‌ರೂಮಿಗೆ ಓಡಾಟ, ಕೂತಲ್ಲಿಂದ ಸಟ್ಟನೆ ಎದ್ರೆ ತಲೆ ತಿರುಗೋದು, ಡೇಟ್ ಇನ್ನೂ ಏರುಪೇರು. ನೀವು ಟೀಚರ್, ಪೀರಿಯಡ್ ನಡುವೆ ಎದ್ದು ಹೋಗೋಕೆ ಆಗುತ್ತಾ ನೋಡ್ಕೊಳ್ಳಿ.

ಮುಖ್ಯವಾಗಿ ಪೊಟ್ಯಾಸಿಯಂ. ರಕ್ತದಲ್ಲಿ ಅದು ಏರುತ್ತೆ, ನಮ್ಮ ವಯಸ್ಸಿನವರಿಗೆ ಕಿಡ್ನಿ ಮತ್ತು ಪೊಟ್ಯಾಸಿಯಂ ಟೆಸ್ಟ್ ಮಾಡಿಸ್ತಾರೆ, ಟೆಲ್ಮಿಸಾರ್ಟನ್ ಥರ ಬಿಪಿ ಮಾತ್ರೆ ನಡೀತಿದ್ರೆ ಮೊದಲೇ ಹೇಳಬೇಕು. ನಂಗೆ ಬೇಸಿಗೇಲಿ ದಿನಾ ಎಳನೀರು ಕುಡಿಯೋ ಚಟ, ಡಾಕ್ಟ್ರು ಅದನ್ನೇ ಹಿಡ್ಕೊಂಡು ಬೈದ್ರು, ಎಳನೀರಲ್ಲಿ ಪೊಟ್ಯಾಸಿಯಂ ತುಂಬ ಇರುತ್ತಂತೆ. ಬಿಟ್ಟ ಮೇಲೆ ಮೊಡವೆ ವಾಪಸ್ ಬರಬಹುದು ಅಂತಾನೂ ಹೇಳಿದ್ದಾರೆ. ಐಸೋಟ್ರೆಟಿನಾಯಿನ್‌ಗೆ ಆ ವಿಷಯದಲ್ಲಿ ಹೆಸರಿದೆ, ಮುಗಿದ ಮೇಲೆ ಎಷ್ಟೋ ಜನಕ್ಕೆ ಬರೋದೇ ಇಲ್ಲ. ಆದ್ರೆ ಹಾರ್ಮೋನ್‌ನಿಂದ ಆಗೋ ಮೊಡವೇಲಿ ಅದಾದ ಮೇಲೂ ತಿರುಗಿ ಬರೋದಿದೆ. ಇವೆರಡರಲ್ಲಿ ನಂಗೆ ಯಾವುದು ಅಂತ ನೇರವಾಗಿ ಕೇಳಿ ನಿಮ್ಮ ಡಾಕ್ಟ್ರನ್ನ, ಕೇಳಿದ್ರೆ ಹೇಳ್ತಾರೆ, ನಾವು ಕೇಳೋದಿಲ್ಲ ಅಷ್ಟೇ.

ಪಿಜಿ_ಚರ್ಮ

ನಾನು ಈ ಕಡೆ ಚರ್ಮರೋಗ ಪಿಜಿ ಮಾಡ್ತಿರೋನು, ಊರು ಮೈಸೂರು ಕಡೆ. ಇಲ್ಲಿ ಕೂತು ಟ್ರೀಟ್‌ಮೆಂಟ್ ಹೇಳೋಕಾಗಲ್ಲ, ಮೇಲೆ ಮೆಡಿಕಲ್ ಮೇಡಂ ಹೇಳಿರೋದು ಸರಿಯಾಗಿದೆ, ನಾಲ್ಕು ಮಾತು ಸೇರಿಸ್ತೀನಿ.

40 ದಾಟಿದವರು ಒಪಿಡಿಗೆ ಮೊಡವೆ ಅಂತ ಬಂದ್ರೆ ನಮಗೆ ಮೊದಲು ಬರೋ ಅನುಮಾನ, ಇದು ಮೊಡವೆನೇನಾ ಅಂತ. ಮೂಗು ಕೆನ್ನೆ ಕೆಂಪಗಾಗಿ, ಬಿಸಿಲಿಗೆ ಖಾರಕ್ಕೆ ಬಿಸಿ ಚಹಾಕ್ಕೆ ಉರಿದು, ಕಪ್ಪು ತಲೆಯ ಸಣ್ಣ ಗುಳ್ಳೆ ಒಂದೂ ಇಲ್ಲದೆ ಬರೀ ಕೆಂಪು ಗುಳ್ಳೆ ಇದ್ರೆ ಅದು ರೊಸೇಶಿಯಾ ಇರಬಹುದು, ಅದರ ದಾರಿ ಬೇರೆ. ಎರಡನೇದು ಸ್ಟಿರಾಯ್ಡ್ ಕ್ರೀಮು. ಈ ಭಾಗದಲ್ಲಿ ದಿನಾ ನೋಡ್ತೀನಿ, ಬಂಗಿಗೆ ಅಂತಲೋ ಬೆಳ್ಳಗಾಗೋಕೆ ಅಂತಲೋ ಟ್ಯೂಬ್ ತಂದು ವರ್ಷಗಟ್ಟಲೆ ಹಚ್ಚಿರ್ತಾರೆ, ಬಿಟ್ರೆ ಮುಖ ಉರಿಯುತ್ತೆ, ಹಚ್ಚಿದ್ರೆ ಗುಳ್ಳೆ. 2018ರಲ್ಲಿ ಸರ್ಕಾರ ಇಂಥ 14 ಸ್ಟಿರಾಯ್ಡ್ ಕ್ರೀಮ್‌ಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ, ಕೇಳೋರು ಕೇಳ್ತಾನೇ ಇದ್ದಾರೆ, ಕೊಡೋರು ಕೊಡ್ತಾನೇ ಇದ್ದಾರೆ. ಟೀಚರ್ ಹಚ್ಚಿಲ್ಲ ಅಂದಿದ್ದಾರೆ, ಓದ್ತಿರೋ ಬೇರೆಯವರಿಗೆ ಹೇಳ್ತಿದ್ದೀನಿ. ಟೀಚರ್ ಹೇಳಿದ ಜಾಗ, ಗಂಟು, ಮುಟ್ಟಿನ ಏರುಪೇರು ನೋಡಿದ್ರೆ ಹಾರ್ಮೋನ್ ಕಡೆ ಯೋಚನೆ ಹೋಗೋದು ಸಹಜ. ಜೊತೆಗೆ ಗಡ್ಡದ ಕೂದಲು ಇತ್ತೀಚೆಗೆ ಬೇಗ ಬೇಗ ಬೆಳೀತಿದ್ರೆ, ತಲೆಗೂದಲು ನೆತ್ತೀಲಿ ತೆಳ್ಳಗಾಗ್ತಿದ್ರೆ, ದನಿ ಗಡುಸಾಗಿದ್ರೆ ಖಂಡಿತ ಹೇಳಿ, ಹಾರ್ಮೋನ್ ಟೆಸ್ಟ್ ಬೇಕಾಗುತ್ತೆ.

ಡೋಸಿಂದು ಹೆದರಬೇಡಿ. ಪುಸ್ತಕದಲ್ಲಿರೋದು ಒಂದು ಕೆಜಿ ತೂಕಕ್ಕೆ ದಿನಕ್ಕೆ ಅರ್ಧದಿಂದ ಒಂದು ಎಂಜಿ, ಒಟ್ಟು ಕೋರ್ಸ್‌ಗೆ ಕೆಜಿಗೆ 120ರಿಂದ 150 ಎಂಜಿ. 62 ಕೆಜಿಗೆ ಹತ್ತಿರ ಹತ್ತಿರ 7,500ರಿಂದ 9,300 ಎಂಜಿ ಆಗುತ್ತೆ, ದಿನಕ್ಕೆ 20 ಅಂದ್ರೆ ವರ್ಷದ ಮೇಲೆ. 20 ಅನ್ನೋದು ನಿಮ್ಮ ತೂಕಕ್ಕೆ ಕಡಿಮೆ ಡೋಸೇ, ವಯಸ್ಸಾದವರಿಗೆ ತಡ್ಕೊಳ್ಳೋಕೆ ಆಗ್ಲಿ ಅಂತ ಹಂಗೆ ಕೊಡೋದುಂಟು, ಎಲ್ಲರಿಗೂ ಆ ಒಟ್ಟು ಲೆಕ್ಕ ಮುಟ್ಟಿಸಲೇಬೇಕು ಅಂತಾನೂ ಇಲ್ಲ. ಎಷ್ಟು ದಿನ ಅಂತ ನಿಮ್ಮ ಡಾಕ್ಟ್ರು ಮುಖ ನೋಡಿ ಹೇಳ್ತಾರೆ. ಊಟದ ಜೊತೆ ಅಂದಿರೋದು ಹೊಟ್ಟೆ ಉರಿಗೆ ಅಲ್ಲ, ಇದು ಜಿಡ್ಡಿನ ಜೊತೆ ಮಾತ್ರ ಸರಿಯಾಗಿ ಮೈಗೆ ಹತ್ತೋದು, ಖಾಲಿ ಹೊಟ್ಟೇಲಿ ನುಂಗಿದ್ರೆ ಅರ್ಧಕ್ಕರ್ಧ ವ್ಯರ್ಥ. ನಿಮ್ಮ ಕಡೆ ರೊಟ್ಟಿ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇರುತ್ತಲ್ಲ, ಅದೇ ಸಾಕು, ಅದಕ್ಕಂತ ಬಜ್ಜಿ ತಿನ್ನಬೇಡಿ.

ಮನಸ್ಸಿನ ವಿಷಯ. ಖಿನ್ನತೆ ಬರಿಸುತ್ತೆ ಅನ್ನೋ ವಾದ ಬಹಳ ವರ್ಷದಿಂದ ಇದೆ, ದೊಡ್ಡ ಗುಂಪುಗಳನ್ನ ನೋಡಿದಾಗ ಒಟ್ಟಾರೆ ಹೆಚ್ಚಾಗಿದ್ದು ಕಂಡಿಲ್ಲ, ಆದ್ರೂ ಒಬ್ಬೊಬ್ಬರಿಗೆ ಆಗಬಹುದು ಅಂತ ಎಚ್ಚರಿಕೆ ಇಟ್ಟಿದ್ದಾರೆ. ಮೊದಲು ಯಾವಾಗಾದ್ರೂ ಡಿಪ್ರೆಶನ್‌ಗೆ ಔಷಧ ತಗೊಂಡಿದ್ರೆ ಮುಚ್ಚಿಡಬೇಡಿ. ನಿದ್ದೆ, ಸಿಡುಕು, ಸುಮ್ಮನೆ ಅಳು ಬರೋದು ಶುರುವಾದ್ರೆ ಮುಟ್ಟು ನಿಲ್ಲೋ ಕಾಲದ್ದೇ ಅಂತ ತಳ್ಳಿಹಾಕದೆ ಬಂದು ಹೇಳಿ. ತೀರಾ ತಲೆನೋವು, ಕಣ್ಣು ಮಂಜಾಗೋದು, ಹೊಟ್ಟೆ ಮೇಲ್ಭಾಗದಲ್ಲಿ ಜೋರು ನೋವು ವಾಂತಿ ಬಂದ್ರೆ ಗುಳಿಗೆ ನಿಲ್ಲಿಸಿ ಅವತ್ತೇ ತೋರಿಸಿ. ಗಡ್ಡದ ಕೂದಲಿಗೆ ಅಂತ ಪಾರ್ಲರ್‌ನಲ್ಲಿ ವ್ಯಾಕ್ಸ್ ಮಾಡಿಸೋದು ಕೋರ್ಸ್ ನಡೆಯುವಾಗ ಮತ್ತು ಮುಗಿದ ಮೇಲೂ ಆರು ತಿಂಗಳು ಬೇಡ, ಚರ್ಮಾನೇ ಕಿತ್ತು ಬರುತ್ತೆ.

ಹಳೇ_ಕಾಲದವ

ನಾ ಮಜ್ಜಿಗಿ ಅಂದಿದ್ದಕ್ಕ ಇಷ್ಟು ದೊಡ್ಡ ಕ್ಲಾಸ್ ತಗೊಂಡ್ರಲ್ಲಪ್ಪಾ. ಇರ್ಲಿ. ನಮ್ಮ ಮನಿಯಾಕಿಗೆ ಮೂಗು ಕೆನ್ನಿ ಕೆಂಪಗಾಗಿ ಉರೀತದ, ಅಡಿಗಿ ಮನ್ಯಾಗ ಒಲಿ ಮುಂದ ನಿಂತ್ರ ಜಾಸ್ತಿ. ಆ ರೊ ಏನೋ ಅಂದ್ಯಲ್ಲ ತಮ್ಮಾ, ಅದು ಇರಬಹುದೇನು?

ಪಿಜಿ_ಚರ್ಮ

ಇರಬಹುದು ಸರ್, ಕರ್ಕೊಂಡು ಬಂದು ತೋರಿಸಿ. ಅಲ್ಲಿವರೆಗೆ ಬೇವು ಅರೆದು ಹಚ್ಚಬೇಡಿ, ಇನ್ನೂ ಉರಿಯುತ್ತೆ.

ಗಂಗಾವತಿ_ಟೀಚರ್

ಎಲ್ಲಾರ ಉತ್ತರಾನೂ ಕೂತು ಓದಿದೆ, ನಮ್ಮ ಮನಿಯವ್ರಿಗೂ ಓದಿ ತೋರ್ಸಿದೆ, ಮೆಡಿಕಲ್ ಅಕ್ಕಾರು ಬರ್ದ ಮಗಳ ಮಾತು ಬಂದಾಗ ಅವ್ರು ಟಿವಿ ಸೌಂಡ್ ಕಡಿಮಿ ಮಾಡಿದ್ರು.

ನಾಳಿಗೆ ಇಲ್ಲೇ ಖಾಲಿ ಹೊಟ್ಟೀಲಿ ರಕ್ತ ಕೊಡ್ತೀನಿ, ಬಿ12 ಲೆವೆಲ್ಲೂ ಅದರ ಜೋಡಿ. ಇಂಜೆಕ್ಷನ್ ಶುರು ಆದಮ್ಯಾಲೆ ಜಾಸ್ತಿ ಆಗ್ಯಾವೋ ಅಂತ ಫೋನಿನ್ಯಾಗ ಹಳೇ ಫೋಟೋ ತೆಗದು ನೋಡಿದೆ, ಹೋದ ವರ್ಷ ಸ್ಕೂಲ್ ಡೇ ಫೋಟೋದಾಗ ಗದ್ದಕ್ಕಷ್ಟೇ ಇದ್ವು, ಹಣಿ ಮ್ಯಾಲೆ ಒಂದೂ ಇಲ್ಲ, ಈಗ ಹಣಿಗೂ ಬಂದಾವ. ಎದಿ ಮ್ಯಾಲೂ ಸಣ್ಣವು ಅದಾವ, ಅವು ಸೆಕಿ ಗುಳ್ಳಿ ಅಂತ ತಿಳಕೊಂಡಿದ್ದೆ. ಗದ್ದದ ಕೂದಲೂ ಐತಿ, ಆದ್ರ ಅದು ಮೊದ್ಲಿಂದಲೂ ಐತಿ, ಥ್ರೆಡ್ಡಿಂಗ್ ಮಾಡಿಸ್ತೀನಿ. ಇದನ್ನೆಲ್ಲಾ ಒಂದು ಹಾಳ್ಯಾಗ ಬರ್ಕೊಂಡು ಬಳ್ಳಾರಿಗೆ ಮತ್ತ ಹೋಗ್ತೀನಿ, ಸ್ಪೈರೊನೊಲ್ಯಾಕ್ಟೋನ್ ನಂಗ ಯಾಕ ಬ್ಯಾಡ ಅಂತ ಕೇಳೇ ಬರ್ತೀನಿ. ಅವ್ರು ಏನು ಹೇಳಿದ್ರೂ ಗುಳಿಗಿ ಶುರು ಮಾಡೋದು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋದು ಮುಗದಮ್ಯಾಲೇ. ಏಪ್ರಿಲ್ ಬಿಸಲಾಗ ತುಟಿ ಸೀಳಿಸ್ಕೊಂಡು, ಕಣ್ಣು ಉರಿಸ್ಕೊಂಡು ದಿನಾ ಕಟ್ಟುಗಟ್ಟಲೆ ಪೇಪರ್ ತಿದ್ದಾಕ ನನ್ನ ಕೈಲಾಗಂಗಿಲ್ಲ. ಮೂರು ನಾಕು ವರ್ಷ ತಡಕೊಂಡೀನಿ, ಇನ್ನೆರಡು ತಿಂಗಳು ಏನಾಗಂಗಿಲ್ಲ.

ತೋರಣಗಲ್ಲು ಅಣ್ಣಾರ, ನೀವು ಬಳ್ಳಾರಿಯವ್ರು, ಒಂದು ಹೇಳ್ರಿ, ಯಾವ ದಿನ ಹೋದ್ರ ಡಾಕ್ಟ್ರು ಐದು ನಿಮಿಷ ಕುಂತು ಮಾತಾಡ್ತಾರ?

ತೋರಣಗಲ್ಲು_ಸಿ_ಶಿಫ್ಟ್

ಸೋಮವಾರ ಅಂತೂ ಬ್ಯಾಡ ಅಕ್ಕಾ, ಜಾತ್ರೆ ಇರುತ್ತೆ. ನಾನು ಹೋಗ್ತಿದ್ದದ್ದು ವಾರದ ನಡುವೆ, ಸಂಜೆ ಕೊನೇ ಟೋಕನ್ ತಗೊಂಡು, ಹಿಂದೆ ಯಾರೂ ಇರಲ್ಲ ಅಂದ್ರೆ ಅವ್ರೂ ಪೆನ್ನು ಕೆಳಗಿಡ್ತಾರೆ. ಗಂಗಾವತಿಗೆ ವಾಪಸ್ ಬಸ್ ಟೈಮ್ ಮೊದ್ಲೇ ಕೇಳಿಟ್ಕೊಳ್ಳಿ. ಪೇಪರ್ ತಿದ್ದೋದು ಮುಗಿದ ಮೇಲೆ ಅಂದ್ರೆ ಸೀದಾ ಮೇ ತಿಂಗಳಿಗೆ ಬರ್ತೀರಿ, ಅದು ಏಪ್ರಿಲ್‌ಗಿಂತ ಜೋರು ಬಿಸಿಲು, ಮಳೆ ಹಿಡಿಯೋ ತನಕ ಕಾಯೋಕಾಗುತ್ತಾ ಅಂತಾನೂ ಕೇಳಿ ನೋಡಿ.